ಮಂಗಳವಾರ ಹನ್ನೊಂದು ಗಂಟೆಯ ಫೋನು

ಶುಕ್ರವಾರ, ಹದಿನೇಳನೆಯ ತಾರೀಕು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕ್ಯಾನ್ಸರ್ ಆಸ್ಪತ್ರೆಯ ದೊಡ್ಡ ಡಾಕ್ಟರು ಖುದ್ದಾಗಿ ಠಾಣೆಗೆ ಬಂದರು. ಅವರ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಸಂಶೋಧನಾ ವಿಭಾಗದ ನರ್ಸ್. ಡಾಕ್ಟರ ಮುಖ ಸಿಟ್ಟಿನಿಂದ ಕೆಂಪಾಗಿತ್ತು, ನರ್ಸ್ ಮುಖದಲ್ಲಿ ರಕ್ತವೇ ಇರಲಿಲ್ಲ. ಇನ್‌ಸ್ಪೆಕ್ಟರ್ ಇಬ್ಬರನ್ನೂ ಒಮ್ಮೆ ನೋಡಿ, ಮೊದಲು ನರ್ಸ್‌ಗೆ ಕುರ್ಚಿ ತೋರಿಸಿದಳು.

"ಏನು ಕಳುವಾಗಿದೆ?"

"ಒಂದು ಫೈಲು," ಎಂದರು ಡಾಕ್ಟರು.

"ಒಂದೇ?"

"ಒಂದೇ. ನಂಬರ್ ನಲವತ್ತೇಳು."

ದೂರು ಬರೆದುಕೊಳ್ಳಲು ಪೆನ್ನು ಎತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಅರೆಕ್ಷಣ ಹಾಗೇ ಕೂತ. ಠಾಣೆಯಲ್ಲಿ ಅವನನ್ನು ಎಲ್ಲರೂ ಚುಕ್ಕೆ ಎಂದು ಕರೆಯುತ್ತಾರೆ. ಪ್ರತಿ ವಾಕ್ಯದ ಕೊನೆಗೆ ಕಾಗದ ತೂತಾಗುವಷ್ಟು ಒತ್ತಿ ಚುಕ್ಕೆ ಇಡುವುದು ಅವನ ಚಾಳಿ. ಅವನು ಬರೆದ ಪಂಚನಾಮೆಯನ್ನು ಬೆಳಕಿಗೆ ಹಿಡಿದರೆ ಜರಡಿಯ ಹಾಗೆ ಕಾಣುತ್ತದೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಫೈಲಿಗೆ ಎಫ್‌ಐಆರ್ ಬರೆದದ್ದು ಅವನಿಗೆ ನೆನಪಿರಲಿಲ್ಲ.

ಡಾಕ್ಟರು ವಿವರಿಸಿದರು. ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ಎರಡು ಅಧ್ಯಯನಗಳು ನಡೆಯುತ್ತಿವೆ. ಒಂದು ಸ್ತನ ಕ್ಯಾನ್ಸರಿನದು, ಇನ್ನೊಂದು ಗರ್ಭಕಂಠದ ಕ್ಯಾನ್ಸರಿನದು. ಸ್ತನ ಕ್ಯಾನ್ಸರಿಗೆ ಈಗ ಮೂರು ವಾರ ಕೊಡುವ ರೇಡಿಯೇಶನ್ನನ್ನು ಐದೇ ದಿನದಲ್ಲಿ ಕೊಟ್ಟರೂ ಅಷ್ಟೇ ಗುಣವಾಗುತ್ತದೆಯೇ ಎಂದು ನೋಡುತ್ತಿದ್ದಾರೆ. ಮುನ್ನೂರು ಹೆಂಗಸರು ಒಪ್ಪಿ ಸೇರಿದ್ದಾರೆ. ಸೋಮವಾರ ಹೊರಗಿನಿಂದ ಪರಿಶೀಲನಾ ತಂಡ ಬರುತ್ತದೆ, ಒಂದೊಂದು ಕಡತವನ್ನೂ ಕೈಯಲ್ಲಿ ಹಿಡಿದು ನೋಡುತ್ತದೆ.

"ಒಂದು ಇಲ್ಲ ಅಂದ್ರೆ ಉಳಿದ ಇನ್ನೂರ ತೊಂಬತ್ತೊಂಬತ್ತರ ಮೇಲೂ ಅನುಮಾನ ಬರುತ್ತೆ ಮೇಡಂ. ನಾಲ್ಕು ವರ್ಷದ ಕೆಲಸ ನೀರುಪಾಲು."

ಆಮೇಲೆ ನರ್ಸನ್ನು ಹೊರಗೆ ಕಳಿಸಿ, ದನಿ ತಗ್ಗಿಸಿದರು. ಆಕೆಯ ಕೆಲಸ ಎಂದರೆ ಸೇರಿದ ಹೆಂಗಸರಿಗೆಲ್ಲ ವಾರಕ್ಕೊಮ್ಮೆ ಫೋನ್ ಮಾಡಿ, ನಿದ್ದೆ, ನೋವು, ಸುಸ್ತು ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುವುದು. ಪರಿಶೀಲನೆ ಬಂತೆಂದು ಡಾಕ್ಟರು ಹೋದ ವಾರ ಕಡತಗಳನ್ನು ತಿರುವಿ ಹಾಕಿದ್ದರು. ಆಗ ನಲವತ್ತೇಳು ಕಣ್ಣಿಗೆ ಬಿತ್ತು.

"ಎದೆಗೆ ರೇಡಿಯೇಶನ್ ತಗೊಂಡ ಹೆಂಗಸು ಹೊಟ್ಟೆ ಕೆಡುತ್ತೆ, ಉರಿಮೂತ್ರ, ಮಲದಲ್ಲಿ ರಕ್ತ ಅಂತಾಳೆ. ಎದೆಗೆ ಕೊಟ್ಟಿದ್ದು ಕಿಬ್ಬೊಟ್ಟೆಗೆ ಇಳಿಯಲ್ಲ. ಬರೋ ಸೋಮವಾರ ಆಕೆನ ಕರೆಸಿ, ನಾನೇ ನೋಡ್ತೀನಿ ಅಂದೆ. ಮಂಗಳವಾರ ಸಿಸ್ಟರು ಫೋನ್‌ನಲ್ಲಿ ಹೇಳಿದ್ದೀನಿ ಅಂದ್ರು. ಇವತ್ತು ಬೆಳಿಗ್ಗೆ ಫೈಲೇ ಇಲ್ಲ."

"ಅಂದ್ರೆ ಸಿಸ್ಟರು ಫೋನೇ ಮಾಡದೆ ತಾವೇ ಬರ್ಕೊಂಡಿದ್ದಾರೆ, ಸಿಕ್ಕಿಬೀಳ್ತೀನಿ ಅಂತ ಫೈಲು ಮಾಯ ಮಾಡಿದ್ದಾರೆ ಅಂತ ನಿಮ್ಮ ಅನುಮಾನ."

"ನಾನು ಅನುಮಾನ ಪಡಲ್ಲ ಮೇಡಂ. ಲೆಕ್ಕ ಹಾಕ್ತೀನಿ."

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಹೊರಗೆ ಬೆಂಚಿನ ಮೇಲೆ ನರ್ಸ್ ಎರಡೂ ಕೈಯಿಂದ ಚೀಲ ಅವಚಿಕೊಂಡು ಕೂತಿದ್ದಳು. ಸೋಮವಾರದೊಳಗೆ ಕಡತ ಸಿಗದಿದ್ದರೆ ಆಕೆಯ ಕೆಲಸ ಹೋಗುತ್ತದೆ, ಕೆಲಸದ ಜೊತೆ ಹೆಸರೂ ಹೋಗುತ್ತದೆ ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹನ್ನೆರಡೂವರೆಗೆ ಸ್ಥಳ ಪರಿಶೀಲನೆ. ಸಂಶೋಧನಾ ಕೋಣೆ ಹತ್ತು ಅಡಿಗೆ ಎಂಟು ಅಡಿ. ಒಂದು ಮೇಜು, ಒಂದು ಫೋನು, ಎರಡು ಕಬ್ಬಿಣದ ಬೀರು. ಸ್ತನದ ಅಧ್ಯಯನದ ಕಡತಗಳಿಗೆ ನೀಲಿ ರಟ್ಟು, ಗರ್ಭಕಂಠದವಕ್ಕೆ ಹಳದಿ. ಬೀಗಕ್ಕೆ ಒಂದು ಗೀರೂ ಇಲ್ಲ.

"ಬೀಗದ ಕೈ ಎಲ್ಲಿರುತ್ತೆ?"

ನರ್ಸ್ ಗೋಡೆಯ ಕ್ಯಾಲೆಂಡರಿನ ಮೂಲೆ ಎತ್ತಿ ತೋರಿಸಿದಳು. ಹಿಂದೆ ಒಂದು ಮೊಳೆ. "ಯಾರಿಗೂ ಗೊತ್ತಿಲ್ಲ ಮೇಡಂ."

"ನಿಮ್ಮನ್ನ ಬಿಟ್ಟು."

ನರ್ಸ್ ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತ ಹೇಳಿದಳು. ಕೊನೆಯ ಬಾರಿ ಕಡತ ನೋಡಿದ್ದು ಬುಧವಾರ. ಗುರುವಾರ ಮಧ್ಯಾಹ್ನ ಊಟಕ್ಕೆ ಹೋದಾಗ ಅರ್ಧ ಗಂಟೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಹೊರಗಿನ ಓಣಿಯಲ್ಲಿ ಕ್ಯಾಮೆರಾ ಇತ್ತು, ಆದರೆ ಅದು ರೇಡಿಯೇಶನ್ ಯಂತ್ರದ ಕೋಣೆಯನ್ನು ಕಾಯುತ್ತಿತ್ತು. ಈ ಕಡೆಗೆ ಅದರ ಬೆನ್ನು.

ಮುಂದೆ ವಿಚಾರಿಸಿದ್ದು ಎರಡನೆಯ ಡಾಕ್ಟರನ್ನು. ಈ ಅಧ್ಯಯನದ ಮುಖ್ಯಸ್ಥರಾಗಬೇಕೆಂದು ಅವರೂ ಆಸೆಪಟ್ಟಿದ್ದರು, ಆಗಲಿಲ್ಲ ಎಂದು ಲ್ಯಾಬಿನಿಂದ ಲಿಫ್ಟಿನವರೆಗೆ ಎಲ್ಲರೂ ಹೇಳಿದ್ದರು.

"ನಿಮಗೆ ಅವರ ಮೇಲೆ ಹೊಟ್ಟೆಕಿಚ್ಚು ಅಂತಾರೆ."

"ಇದೆ," ಎಂದರು ಎರಡನೆಯ ಡಾಕ್ಟರು, ಬಿಸ್ಕತ್ತು ಮುರಿಯುತ್ತ. "ಬೇಕಾದಷ್ಟಿದೆ. ಆದ್ರೆ ನಾನು ಕದಿಯೋದಾದ್ರೆ ಒಂದೇ ಫೈಲು ಯಾಕೆ ಕದೀಲಿ? ಬೀರೂನೇ ಎತ್ಕೊಂಡು ಹೋಗ್ತಿದ್ದೆ."

ಇನ್‌ಸ್ಪೆಕ್ಟರಿಗೆ ನಗು ಬಂತು. ಹೊಟ್ಟೆಕಿಚ್ಚನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಆಕೆ ನೋಡಿರಲಿಲ್ಲ. ಆಕೆಗೇ ಅದು ಸಾಧ್ಯವಾಗಿರಲಿಲ್ಲ. ಅವಳ ಅಮ್ಮ ದಿನಾ ಬೆಳಿಗ್ಗೆ ತಂಗಿಗೆ ಫೋನ್ ಮಾಡುತ್ತಾಳೆ, ಒಂದು ದಿನವೂ ತಪ್ಪದೆ. ಇವಳಿಗೆ ಮಾಡುವುದು ತಿಂಗಳಿಗೊಮ್ಮೆ, ಅದೂ ಏನಾದರೂ ಕೆಲಸವಿದ್ದರೆ. "ನೀನು ಡ್ಯೂಟಿಯಲ್ಲಿರ್ತೀಯಲ್ಲ, ಯಾಕೆ ತೊಂದರೆ" ಎನ್ನುತ್ತಾಳೆ. ಅಮ್ಮನ ಮಂಡಿನೋವು, ಅಮ್ಮ ಹೊಸ ಕನ್ನಡಕ ಕೊಂಡದ್ದು, ಎಲ್ಲ ತಂಗಿಯ ಬಾಯಿಂದ ತಿಳಿಯಬೇಕು. ನಲವತ್ತನಾಲ್ಕು ವಯಸ್ಸಿನ ಇನ್‌ಸ್ಪೆಕ್ಟರ್ ಇದಕ್ಕೆ ಉರಿದುಕೊಳ್ಳುತ್ತಾಳೆಂದು ಯಾರಿಗಾದರೂ ಗೊತ್ತಾದರೆ ನಾಚಿಕೆಗೇಡು. ಅವಳು ಉರಿದುಕೊಳ್ಳುತ್ತಿದ್ದಳು.

ಓಣಿಗೆ ಮರಳಿದಾಗ ಚುಕ್ಕೆ ಕಾಲು ನೋವೆಂದು ಒಂದು ಬೆಂಚಿನ ತುದಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಐದಾರು ಹೆಂಗಸರು. ಒಬ್ಬೊಬ್ಬರ ಕೈಯಲ್ಲೂ ಗೆರೆ ಹಾಕಿದ ನೀರಿನ ಬಾಟಲಿ. ಗುಟುಕು ಗುಟುಕಾಗಿ ಕುಡಿಯುತ್ತಿದ್ದರು.

"ಮೇಡಂ, ಸ್ವಲ್ಪ ಇಲ್ಲಿ ಬಂದು ಕೂತ್ಕೊಳ್ಳಿ."

ಕೂತಳು. ಎದುರಿಗೆ ಸಂಶೋಧನಾ ಕೋಣೆಯ ತೆರೆದ ಬಾಗಿಲು, ಬಾಗಿಲಿನ ನೇರಕ್ಕೆ ಕ್ಯಾಲೆಂಡರು. ಅದೇ ಹೊತ್ತಿಗೆ ನರ್ಸ್ ಒಳಗೆ ಬಂದು ಕ್ಯಾಲೆಂಡರಿನ ಮೂಲೆ ಎತ್ತಿ ಬೀಗದ ಕೈ ತೆಗೆದಳು. ಪಕ್ಕದ ಹೆಂಗಸೊಬ್ಬಳು ಬಾಟಲಿ ಇಳಿಸಿ ನಕ್ಕಳು.

"ದಿನಾ ನಾಲ್ಕು ಸಲ ತೆಗೀತಾರೆ ಸಿಸ್ಟರು. ನಮಗೆಲ್ಲ ಬಾಯಿಪಾಠ."

ಬೆಂಚಿನ ವಿಷಯವನ್ನು ಯಂತ್ರ ನಡೆಸುವ ಟೆಕ್ನಿಷಿಯನ್ ಹೇಳಿದ. ಗರ್ಭಕಂಠದ ರೋಗಿಗಳು ಅರ್ಧ ಲೀಟರು ನೀರು ಕುಡಿದು ಮುಕ್ಕಾಲು ಗಂಟೆ ಅಲ್ಲೇ ಕೂರಬೇಕು. ಮೂತ್ರಕೋಶ ತುಂಬಿದರೆ ಕರುಳು ಮೇಲೆ ಸರಿದು ರೇಡಿಯೇಶನ್ನಿನಿಂದ ತಪ್ಪಿಸಿಕೊಳ್ಳುತ್ತದೆ. ಹೀಗೆ ಇಪ್ಪತ್ತೈದು ದಿನ.

"ಎದೆ ಪೇಷಂಟುಗಳು?"

"ಅವರಿಗೆ ನೀರಿನ ಕಾಟ ಇಲ್ಲ ಸಾರ್... ಮೇಡಂ. ಆ ಕಡೆ ಬಾಗಿಲಿಂದ ಬಂದು ಆ ಕಡೆಯಿಂದಲೇ ಹೋಗ್ತಾರೆ. ಈ ಬೆಂಚು ನೋಡಿರೋದೇ ಇಲ್ಲ."

ಇನ್‌ಸ್ಪೆಕ್ಟರ್ ಗೋಡೆಗೆ ಒರಗಿ ಯೋಚಿಸಿದಳು. ಕಳುವಾದದ್ದು ಎದೆ ರೋಗಿಯ ಕಡತ. ಅದರಲ್ಲಿ ಬರೆದಿರುವುದು ಕಿಬ್ಬೊಟ್ಟೆಯ ನೋವು. ಬೀಗದ ಕೈ ಇರುವ ಜಾಗ ಗೊತ್ತಿರುವುದು ಕಿಬ್ಬೊಟ್ಟೆಗೆ ರೇಡಿಯೇಶನ್ ತಗೊಂಡವರಿಗೆ. ನರ್ಸ್ ಕಟ್ಟುಕತೆ ಬರೆಯುವವಳಾದರೆ, ನಾಲ್ಕು ವರ್ಷ ಇದೇ ಕೆಲಸ ಮಾಡಿದವಳು, ಎದೆಯವರಿಗೆ ಬರುವ ತೊಂದರೆಯನ್ನೇ ಬರೆಯುತ್ತಿರಲಿಲ್ಲವೇ?

"ಚುಕ್ಕೆ, ಗುರುವಾರ ತಪಾಸಣೆಗೆ ಬಂದ ಹಳೇ ಗರ್ಭಕಂಠದ ಪೇಷಂಟುಗಳ ಹೆಸರು, ವಿಳಾಸ ಬರ್ಕೋ."

ಹನ್ನೊಂದು ಮಂದಿ ಇದ್ದರು. ಚುಕ್ಕೆ ಹನ್ನೊಂದು ವಿಳಾಸ ಬರೆದು ಹನ್ನೊಂದು ತೂತು ಮಾಡಿದ.

ಶನಿವಾರ ಹತ್ತು ಗಂಟೆಗೆ ಸಂಶೋಧನಾ ಕೋಣೆಯಿಂದ ನಲವತ್ತೇಳರ ನಂಬರಿಗೆ ಹೋದ ಕರೆಗಳ ವಿವರ ಫೋನ್ ಕಂಪನಿಯಿಂದ ಬಂತು. ಮೂವತ್ತೊಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಮೂವತ್ತೊಂದು ಕರೆ, ಒಂದೂ ತಪ್ಪಿಲ್ಲ. ನರ್ಸ್ ಫೋನ್ ಮಾಡಿದ್ದು ನಿಜ. ಮೊದಲ ನಾಲ್ಕು ಕರೆ ನಾಲ್ಕು ನಾಲ್ಕು ನಿಮಿಷ. ಐದನೆಯದರಿಂದ ಒಂಬತ್ತು, ಹನ್ನೊಂದು, ಹದಿನಾಲ್ಕು.

"ಇದು ಯಾಕೆ ಬೆಳೀತಾ ಹೋಯ್ತು?"

"ಅವರು ಮಾತಾಡ್ತಿದ್ರು," ಎಂದಳು ನರ್ಸ್. ಕಣ್ಣು ತುಂಬಿತ್ತು. "ನಂದೂ ತಪ್ಪಿದೆ ಮೇಡಂ. ಮಂಗಳವಾರ ನಲವತ್ತು ಫೋನ್ ಮಾಡ್ತೀನಿ. ಹೆಸರು, ಹುಟ್ಟಿದ ತಾರೀಕು ಸರಿ ಹೇಳಿದ್ರೆ ಮುಂದಕ್ಕೆ ಹೋಗೋದೇ. ಅವರನ್ನ ಎದುರಿಗೆ ನೋಡಿದ್ದು ಐದು ದಿನ, ಅಷ್ಟೇ. ಮೊದಲು ಕೇಳಿದ್ದಕ್ಕೆ ಹೂಂ, ಉಹೂಂ ಅಂತಿದ್ರು. ಆಮೇಲೆ ಸಲಿಗೆ ಬಂತು ಅಂದ್ಕೊಂಡೆ. ಕೊನೆಗೆ ಒಂದು ಪ್ರಶ್ನೆ ಇರುತ್ತೆ, ಬೇರೆ ಏನಾದ್ರೂ ತೊಂದರೆ ಇದೆಯಾ ಅಂತ. ಎಲ್ಲರೂ ಇಲ್ಲ ಅಂತಾರೆ. ಅವರು ಮಾತ್ರ ಆ ಪ್ರಶ್ನೆಗೇ ಕಾಯ್ತಿದ್ರು."

ಮಧ್ಯಾಹ್ನ ಮೂರೂಕಾಲಿಗೆ ಇನ್‌ಸ್ಪೆಕ್ಟರ್, ಚುಕ್ಕೆ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ನಲವತ್ತೇಳರ ಮನೆಯ ಮೆಟ್ಟಿಲು ಹತ್ತಿದರು. ನಾಲ್ಕನೆಯ ಮಹಡಿ. ಆಸ್ಪತ್ರೆಯ ನೋಂದಣಿಯಿಂದ ತಂದ ಚೀಟಿಯನ್ನು ಬಾಗಿಲಿನ ಸಂಖ್ಯೆಗೆ ಹೋಲಿಸುತ್ತಿದ್ದ ಚುಕ್ಕೆ ತಟ್ಟನೆ ತನ್ನ ಪುಸ್ತಕ ತೆಗೆದು ಪುಟ ಮಗುಚಿದ.

"ಮೇಡಂ, ಈ ಮನೆ ನಂಬರು ನಿನ್ನೆನೇ ಬರ್ದಿದ್ದೀನಿ. ಗುರುವಾರದ ಪಟ್ಟಿಯಲ್ಲಿ ಎಂಟನೆಯದು. ಹೆಸರು ಮಾತ್ರ ಬೇರೆ."

ಬಾಗಿಲು ತೆರೆದವಳು ಮೂವತ್ತೆಂಟರ ಹೆಂಗಸು. ಅವಳೇ ನಲವತ್ತೇಳು. ಮನೆಯಲ್ಲಿ ಅಣ್ಣ ತಮ್ಮಂದಿರ ಎರಡು ಸಂಸಾರ. ಇವಳು ಚಿಕ್ಕ ಸೊಸೆ, ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ, ಶನಿವಾರ ಅರ್ಧ ದಿನ ರಜೆ. ಗಂಡಸರಿಬ್ಬರೂ ಕೆಲಸದಿಂದ ಬಂದಿರಲಿಲ್ಲ. ಕೋಣೆಯಲ್ಲಿ ನಾಲ್ಕು ಕುರ್ಚಿ, ಅವುಗಳಲ್ಲಿ ಒಂದರ ಮೇಲೆ ಮಾತ್ರ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಮೆತ್ತಗೆ ಹಾಸಿದ್ದರು. ಇನ್‌ಸ್ಪೆಕ್ಟರ್ ಅದನ್ನು ಬಿಟ್ಟು ಬೇರೆ ಕುರ್ಚಿಯಲ್ಲಿ ಕೂತಳು.

"ಆಸ್ಪತ್ರೆಯಿಂದ ಸಿಸ್ಟರು ಪ್ರತಿ ಮಂಗಳವಾರ ನಿಮಗೆ ಫೋನ್ ಮಾಡ್ತಾರಲ್ಲ, ಏನು ಕೇಳ್ತಾರೆ?"

"ಯಾವ ಫೋನು? ಅದು ನಿಂತು ಆರು ತಿಂಗಳಾಯ್ತಲ್ಲ," ಎಂದಳು ಚಿಕ್ಕ ಸೊಸೆ. "ಮೊದಲ ತಿಂಗಳು ಮಾಡಿದ್ರು. ನಾನು ಕೆಲಸಕ್ಕೆ ಹೋಗೋಕೆ ಶುರು ಮಾಡಿದೆ, ಅಷ್ಟಕ್ಕೆ ನಿಂತೋಯ್ತು. ಇನ್ನು ಮಾಡಲ್ಲ ಅಂತ ಹೇಳಿದ್ರಂತೆ, ಅಕ್ಕ ಹೇಳಿದ್ಲು."

"ಆ ಫೋನು ಯಾರ ಹತ್ತಿರ ಇರುತ್ತೆ?"

"ಅಕ್ಕನ ಹತ್ತಿರ. ಮನೆ ಫೋನು ಅದು. ಅಕ್ಕ ಮನೆಯಲ್ಲೇ ಇರ್ತಾಳೆ."

ಅವಳ ಕುಪ್ಪಸದ ಎಡತೋಳಿನ ಹೊಲಿಗೆ ಮೊಣಕೈವರೆಗೂ ಬಿಚ್ಚಿತ್ತು. ಆ ತೋಳು ಬಲತೋಳಿಗಿಂತ ಒಂದೂವರೆ ಪಟ್ಟು ದಪ್ಪ.

"ಇದು ಯಾವಾಗಿಂದ?"

"ನಾಲ್ಕು ತಿಂಗಳಾಯ್ತು. ಎದೆಗೆ ಚಿಕಿತ್ಸೆ ಆದ ಕಡೆಯ ತೋಳೇ. ಮಷಿನ್ ಹಿಡಿದ್ರೆ ಜಾಸ್ತಿ ಆಗುತ್ತೆ."

"ಆಸ್ಪತ್ರೆಗೆ ಯಾಕೆ ಹೇಳ್ಲಿಲ್ಲ?"

"ಅವರಿಗೇ ನಾನು ಬೇಡವಾದ ಮೇಲೆ ನಾನ್ಯಾಕೆ ಮೇಲೆ ಬಿದ್ದು ಹೇಳ್ಲಿ ಮೇಡಂ?"

ಒಳಗಿನಿಂದ ಆ ಅಕ್ಕ, ಮನೆಯ ದೊಡ್ಡ ಸೊಸೆ, ನೀರು ತಂದಳು. ನಲವತ್ತಾರರ ಹೆಂಗಸು, ಕಣ್ಣ ಕೆಳಗೆ ಕಪ್ಪು. ಲೋಟಗಳನ್ನಿಟ್ಟು, ಹೊದಿಕೆ ಹಾಸಿದ ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ವಾಲಿ ಕೂತಳು. ನೆಟ್ಟಗೆ ಕೂರಲಾರದವರು ಹಾಗೆ ಕೂರುತ್ತಾರೆ.

"ನಿಮಗೂ ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಿದೆ ಅಲ್ವಾ?"

"ಒಂದೂವರೆ ವರ್ಷದ ಹಿಂದೆ."

"ಎಷ್ಟು ದಿನ?"

"ಇಪ್ಪತ್ತೈದು."

"ನೀರು ಕುಡಿದು ಬೆಂಚಿನ ಮೇಲೆ ಕೂತಿರ್ತಿದ್ರಿ."

ದೊಡ್ಡ ಸೊಸೆ ಲೋಟಗಳನ್ನು ಅವರ ಹತ್ತಿರಕ್ಕೆ ಸರಿಸಿದಳು.

"ಬೆಂಚಿನ ಎದುರಿಗೆ ಏನಿತ್ತು?"

"ಕ್ಯಾಲೆಂಡರ್," ಎಂದಳು ಆಕೆ ಮೆಲ್ಲಗೆ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಬಚ್ಚಿಡುವ ಶಕ್ತಿ ಆಕೆಗೆ ಇರಲಿಲ್ಲ.

ಆಕೆಯೇ ಎದ್ದು ಹೋಗಿ ಬಟ್ಟೆಯ ಪೆಟ್ಟಿಗೆ ತೆರೆದಳು. ಮಡಿಸಿದ ಹಾಸಿಗೆ ಬಟ್ಟೆಗಳ ನಡುವೆ ನೀಲಿ ರಟ್ಟಿನ ಕಡತ, ಮಗುವಿನ ಬಟ್ಟೆ ಇಡುವಂತೆ ಜೋಪಾನವಾಗಿ ಇಟ್ಟಿತ್ತು. ಎದುರು ಮನೆಯವರನ್ನೂ ಕೆಳಗಿನ ಅಂಗಡಿಯವನನ್ನೂ ಪಂಚರಾಗಿ ಕರೆಸಲಾಯಿತು. ಮೂರು ಐವತ್ತಕ್ಕೆ ಪಂಚನಾಮೆ ಶುರುವಾಯಿತು.

"ಹೇಳಿ," ಎಂದಳು ಇನ್‌ಸ್ಪೆಕ್ಟರ್.

"ನನ್ನನ್ನೂ ಕೇಳಿದ್ರು ಮೇಡಂ, ಹಳದಿ ಫೈಲಿಗೆ ಸೇರ್ತೀರಾ ಅಂತ. ಹೂಂ ಅಂದೆ. ರಕ್ತ ಪರೀಕ್ಷೆ ಮಾಡಿದ್ರು, ರಕ್ತ ಕಮ್ಮಿ ಇದೆ, ನೀವು ಹೊಂದಲ್ಲ ಅಂದ್ರು. ಬಸ್ಸು ಹತ್ತಿ ಒಬ್ಬಳೇ ಹೋಗಿ ಇಪ್ಪತ್ತೈದು ದಿನ ತಗೊಂಡು ಬಂದೆ. ಇವಳಿಗೆ ಬಂದಾಗ ಮನೆಗೆ ಮನೆಯೇ ಜೊತೆಗೆ ಹೋಯ್ತು. ಇವಳನ್ನ ಆರಿಸಿಕೊಂಡ್ರು. ಐದೇ ದಿನದಲ್ಲಿ ಮುಗೀತು. ಆಮೇಲೆ ವಾರ ವಾರ ಫೋನು, ಹೇಗಿದ್ದೀರಿ, ನಿದ್ದೆ ಬಂತಾ, ನೋವಿದೆಯಾ. ನಾನು ಪಕ್ಕದಲ್ಲಿ ತರಕಾರಿ ಹೆಚ್ಚಿಕೊಂಡು ಕೇಳಿಸ್ಕೊಳ್ತಿದ್ದೆ. ಇವಳು ಏನಿಲ್ಲ, ಏನಿಲ್ಲ ಅಂತ ನಾಲ್ಕು ನಿಮಿಷದಲ್ಲಿ ಇಟ್ಟುಬಿಡೋಳು. ಮೈಯೆಲ್ಲ ಉರಿಯೋದು ನನಗೆ. ನನ್ನ ತಪಾಸಣೆಯಲ್ಲಿ ಹೇಳಿದ್ರೆ, ಅದೆಲ್ಲ ಸಹಜ, ಕಮ್ಮಿ ಆಗುತ್ತೆ, ಮುಂದಿನವರು ಬನ್ನಿ ಅಂತಾರೆ."

"ಐದನೇ ಮಂಗಳವಾರ?"

"ಇವಳು ಕೆಲಸಕ್ಕೆ ಹೋಗಿದ್ಲು. ಫೋನ್ ಎತ್ತಿದೆ. ಹೆಸರು ಕೇಳಿದ್ರು. ಇವಳ ಹೆಸರು ಹೇಳ್ಬಿಟ್ಟೆ. ಒಂದೇ ಸಲ ಅಂದ್ಕೊಂಡಿದ್ದೆ."

"ನೋವು ಮಾತ್ರ ನಿಮ್ಮದೇ ಹೇಳಿದ್ರಿ."

"ಇವಳ ನೋವು ನನಗೆ ಹೇಗೆ ಗೊತ್ತಾಗುತ್ತೆ ಮೇಡಂ?"

ಇನ್‌ಸ್ಪೆಕ್ಟರ್ ನೀಲಿ ಕಡತವನ್ನು ಮುಟ್ಟಿ ತೋರಿಸಿದಳು. "ಫೈಲು ಯಾಕೆ ತಂದ್ರಿ?"

"ಸೋಮವಾರ ಬನ್ನಿ, ದೊಡ್ಡ ಡಾಕ್ಟರು ನೋಡ್ತಾರೆ ಅಂದ್ರು ಸಿಸ್ಟರು. ಹೋದ್ರೆ ಎಲ್ಲ ಬಯಲಾಗುತ್ತೆ. ವಿಳಾಸ, ನಂಬರು ಎಲ್ಲ ಫೈಲಲ್ಲೇ ಇರುತ್ತಲ್ಲ, ಅದೇ ಇಲ್ಲ ಅಂದ್ರೆ ಕರೆಸೋದು ಹೇಗೆ ಅಂದ್ಕೊಂಡೆ. ಸಿಸ್ಟರ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ, ನನ್ನಾಣೆ. ಸುಟ್ಟುಹಾಕೋಣ ಅಂತ ಒಲೆ ಹಚ್ಚಿದ್ದೆ. ತೆಗೆದು ನೋಡಿದ್ರೆ ಇಪ್ಪತ್ತೇಳು ಹಾಳೆ ತುಂಬ ನಾನು ಹೇಳಿದ್ದೇ ಇದೆ. ಒಂದು ಮಾತೂ ಬಿಟ್ಟಿಲ್ಲ. ಸುಡೋಕೆ ಕೈ ಬರ್ಲಿಲ್ಲ."

ಚಿಕ್ಕ ಸೊಸೆ ಅಷ್ಟು ಹೊತ್ತೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಬಯ್ಯುತ್ತಾಳೆ, ಅಳುತ್ತಾಳೆ ಎಂದು ಮಹಿಳಾ ಕಾನ್‌ಸ್ಟೇಬಲ್ ಸಿದ್ಧಳಾಗಿ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅವಳು ಬಯ್ಯಲಿಲ್ಲ.

"ಅಕ್ಕ, ನಾನು ಒಂದು ಮಂಗಳವಾರ ಜ್ವರ ಅಂತ ರಜೆ ಹಾಕಿದ್ದೆ. ನೀನು ಅಡುಗೆಮನೆ ಬಾಗಿಲು ಹಾಕ್ಕೊಂಡು ಫೋನ್‌ನಲ್ಲಿ ನಗ್ತಿದ್ದೆ. ನನ್ನ ಜೊತೆ ನೀನು ಹಾಗೆ ನಕ್ಕೇ ಇರ್ಲಿಲ್ಲ. ಇವಳಿಗೆ ಯಾರೋ ಗೆಳತಿ ಸಿಕ್ಕಿದ್ದಾಳೆ ಅಂತ ಹೊಟ್ಟೆ ಉರ್ಕೊಂಡು ಆ ದಿನ ಊಟ ಬಿಟ್ಟೆ." ತನ್ನ ಊದಿದ ತೋಳನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು ತೋರಿಸಿದಳು. "ಆ ಫೋನು ನಂದಾಗಿತ್ತಲ್ಲ ಅಕ್ಕ."

ದೊಡ್ಡ ಸೊಸೆ ಆ ತೋಳನ್ನು ನೋಡಿ ಮುಖ ಮುಚ್ಚಿಕೊಂಡಳು.

ಚುಕ್ಕೆ ಪಂಚರ ಎದುರಿಗೆ ಕಡತದ ಹಾಳೆಗಳನ್ನು ಎಣಿಸಿದ. ಎಲ್ಲವೂ ಇದ್ದವು, ಯಾವುದೂ ಹರಿದಿರಲಿಲ್ಲ. ಕೊನೆಯ ಮಂಗಳವಾರದ ಹಾಳೆಯಲ್ಲಿ ಮಾತ್ರ ಒಂದು ತಿದ್ದುಪಡಿ ಇತ್ತು. ನರ್ಸ್ ನೀಲಿ ಶಾಯಿಯಲ್ಲಿ "ಸ್ವಲ್ಪ ರಕ್ತ ಹೋಗುತ್ತದೆ" ಎಂದು ಬರೆದಿದ್ದಳು. ಅದರಲ್ಲಿ "ಸ್ವಲ್ಪ" ಎಂಬ ಪದದ ಮೇಲೆ ಯಾರೋ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು.

"ಇದು ನೀವಾ?"

"ಹೂಂ. ಅವತ್ತು ಸಿಸ್ಟರಿಗೆ ಗಾಬರಿ ಆಗ್ಬಾರ್ದು ಅಂತ ಸ್ವಲ್ಪ ಅಂದಿದ್ದೆ."

ಚುಕ್ಕೆ ಅದನ್ನೂ ಪಂಚನಾಮೆಯಲ್ಲಿ ನಮೂದಿಸಿದ. ನಾಲ್ಕು ನಲವತ್ತಕ್ಕೆ, ಇನ್ನೂ ಬಿಸಿಲಿರುವಾಗ, ಕಳವು ಮತ್ತು ಬೇರೊಬ್ಬರಂತೆ ನಟಿಸಿ ವಂಚಿಸಿದ ಆರೋಪದ ಮೇಲೆ ದೊಡ್ಡ ಸೊಸೆಯನ್ನು ಬಂಧಿಸಲಾಯಿತು. ಮೆಟ್ಟಿಲಿಳಿಯುವಾಗ ಮಹಿಳಾ ಕಾನ್‌ಸ್ಟೇಬಲ್ ಆಕೆಯ ಕೈ ಹಿಡಿದುಕೊಂಡಿದ್ದಳು. ಪ್ರತಿ ಮಹಡಿಗೂ ಒಮ್ಮೆ ನಿಲ್ಲಬೇಕಾಯಿತು. ಚಿಕ್ಕ ಸೊಸೆ ಹಿಂದಿನಿಂದ ಓಡಿ ಬಂದು, ಕುರ್ಚಿಯ ಮೇಲಿದ್ದ ಹೊದಿಕೆಯನ್ನು ಜೀಪಿನೊಳಗೆ ಹಾಕಿ ಹೋದಳು.

ಐದೂವರೆಗೆ ಇನ್‌ಸ್ಪೆಕ್ಟರ್ ಠಾಣೆಯಿಂದ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಕಡತ ಸಿಕ್ಕಿದೆ, ಅದು ಕೋರ್ಟಿಗೆ ಹೋಗುತ್ತದೆ, ಸೋಮವಾರಕ್ಕೆ ದೃಢೀಕರಿಸಿದ ಪ್ರತಿ ಕೊಡಿಸಲು ಅರ್ಜಿ ಹಾಕುತ್ತೇವೆ ಎಂದಳು. ಇಪ್ಪತ್ತೇಳು ವಾರದ ಉತ್ತರಗಳನ್ನು ಅಧ್ಯಯನದಿಂದ ತೆಗೆದುಹಾಕಬೇಕು, ಯಾಕೆ ಎಂದು ಬರೆದಿಟ್ಟರೆ ಉಳಿದದ್ದು ನಿಲ್ಲುತ್ತದೆ ಎಂದರು ಡಾಕ್ಟರು.

"ನಲವತ್ತೇಳರ ತೋಳು ನೋಡಿ. ಬೇಗ. ಇನ್ನೊಂದು ಮಾತು, ಸಿಸ್ಟರು ಒಂದು ಫೋನೂ ತಪ್ಪಿಸಿಲ್ಲ."

"ಲೆಕ್ಕ ತಪ್ಪಿತು," ಎಂದರು ಡಾಕ್ಟರು. "ನಾನೇ ಅವರ ಹತ್ತಿರ ಹೇಳ್ತೀನಿ."

ದೊಡ್ಡ ಸೊಸೆ ಬೆಂಚಿನ ಮೇಲೆ ಹೊದಿಕೆ ಹಾಸಿಕೊಂಡು ಕೂತಿದ್ದಳು. ವೈದ್ಯಕೀಯ ಪರೀಕ್ಷೆಗೆ ಕಳಿಸುವ ಮೊದಲು ಠಾಣೆಯಲ್ಲಿ ಒಂದು ನಮೂನೆ ತುಂಬುವ ಪದ್ಧತಿ. ಚುಕ್ಕೆ ಎದುರಿಗೆ ಕುರ್ಚಿ ಎಳೆದುಕೊಂಡು ಹೆಸರು, ವಯಸ್ಸು, ಬಂಧಿಸಿದ ವೇಳೆ ಬರೆದ. ಕೃತ್ಯದ ಕಾರಣ ಎನ್ನುವ ಜಾಗಕ್ಕೆ ಬಂದು ತಲೆ ಎತ್ತಿದ.

"ಏನು ಬರೀಲಿ ಮೇಡಂ?"

"ಹೊಟ್ಟೆಕಿಚ್ಚು ಅಂತ ಬರಿ," ಎಂದಳು ಇನ್‌ಸ್ಪೆಕ್ಟರ್. ಅದು ಎಂಥ ಹೊಟ್ಟೆಕಿಚ್ಚು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಬರೆಯುವಷ್ಟು ಜಾಗ ನಮೂನೆಯಲ್ಲಿ ಇರಲಿಲ್ಲ.

ಚುಕ್ಕೆ ಬರೆದು, ಕೊನೆಯ ಸಾಲು ಓದಿದ. ದಿನಾ ಓದುವ ಸಾಲೇ ಅದು, ಎಲ್ಲ ಕಳ್ಳರನ್ನೂ ಕೇಳುವುದೇ.

"ಮೈಯಲ್ಲಿ ಏನಾದ್ರೂ ತೊಂದರೆ ಇದೆಯಾ ಅಮ್ಮ?"

ದೊಡ್ಡ ಸೊಸೆ ನಿಧಾನವಾಗಿ ತಲೆ ಎತ್ತಿದಳು. ಅವನ ಮುಖ ನೋಡಿದಳು, ಕೈಯಲ್ಲಿದ್ದ ಪೆನ್ನು ನೋಡಿದಳು.

"ಹೇಳಿದ್ದನ್ನೆಲ್ಲ ಬರೀತೀರಾ?"

ಚುಕ್ಕೆ ಇನ್‌ಸ್ಪೆಕ್ಟರ್ ಕಡೆ ತಿರುಗಿದ. ಅವಳು ತನ್ನ ಮೇಜಿನಿಂದ ನಾಲ್ಕು ಬಿಳಿ ಹಾಳೆ ತಂದು ಅವನ ಮುಂದಿಟ್ಟಳು.

"ಬರೀತಾರೆ, ಹೇಳಿ," ಎಂದಳು. "ಈ ಸಲ ಸ್ವಲ್ಪ ಅನ್ಬೇಡಿ."